ಆಕ್ಸ್‌ಫರ್ಡ್‌ನ ವಿಜ್ಞಾನ ಇತಿಹಾಸ ಮ್ಯೂಸಿಯಂ: ತೆರೆದ ಬಾಗಿಲಿನ ದಿನ ಕಟ್ಟಡವನ್ನೂ ಉಪಕರಣಗಳನ್ನೂ ನೋಡುವ ಕ್ರಮ

ಆಕ್ಸ್‌ಫರ್ಡ್ ನಗರದ ಬ್ರಾಡ್ ಸ್ಟ್ರೀಟಿನಲ್ಲಿ, ಶೆಲ್ಡೋನಿಯನ್ ಥಿಯೇಟರಿಗೂ ಎಕ್ಸೆಟರ್ ಕಾಲೇಜಿಗೂ ನಡುವೆ, ಹದವಾದ ಗಾತ್ರದ ಒಂದು ಕಲ್ಲಿನ ಕಟ್ಟಡವಿದೆ. ಪ್ರವಾಸಿಗರ ಗುಂಪುಗಳು ಇದರ ಮುಂದೆಯೇ ನಿಂತು ಪಕ್ಕದ ಶೆಲ್ಡೋನಿಯನ್‌ನ ಚಿತ್ರ ತೆಗೆದುಕೊಂಡು ಮುಂದೆ ಸಾಗುವುದು ಸಾಮಾನ್ಯ. 1678ರಿಂದ 1683ರ ನಡುವೆ ಕಟ್ಟಲಾದ ಈ ಕಟ್ಟಡ, ಸಾರ್ವಜನಿಕ ಮ್ಯೂಸಿಯಂ ಆಗಬೇಕೆಂದೇ ನಿರ್ಮಿಸಲಾದ ಕಟ್ಟಡಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು. ಮೊದಲು ಆಶ್ಮೋಲಿಯನ್ ಮ್ಯೂಸಿಯಂ ಇದ್ದ ಕಾರಣ ಇದನ್ನು ಊರಿನವರು ಈಗಲೂ ಓಲ್ಡ್ ಆಶ್ಮೋಲಿಯನ್ ಎನ್ನುತ್ತಾರೆ. ಸುಮಾರು ಒಂದು ಶತಮಾನದಿಂದ ಇಲ್ಲಿ ನೆಲೆಸಿರುವುದು ವಿಜ್ಞಾನದ ಇತಿಹಾಸಕ್ಕೆ ಮೀಸಲಾದ ವಿಶ್ವವಿದ್ಯಾಲಯದ ಮ್ಯೂಸಿಯಂ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ, ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ತಂದೆ ತಾಯಿಯರಿಗೆ, ಓದಲು ಹೋಗಿರುವ ವಿದ್ಯಾರ್ಥಿಗಳಿಗೆ ಅನುಕೂಲವಾಗಲೆಂದು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಇದರಲ್ಲಿರುವ ಸಲಹೆಗಳೆಲ್ಲ ಒಂದೇ ಅಭಿಪ್ರಾಯದ ಮೇಲೆ ನಿಂತಿವೆ: ಈ ಮ್ಯೂಸಿಯಂನಲ್ಲಿ ಕಟ್ಟಡವೇ ಮೊದಲ ಪ್ರದರ್ಶನ ವಸ್ತು. ಅದರ ಮೂರು ಅಂತಸ್ತುಗಳು ಯಾವ ಉದ್ದೇಶಕ್ಕೆ ಕಟ್ಟಲ್ಪಟ್ಟವೆಂಬುದನ್ನು ತಿಳಿದು, ಅದೇ ಕ್ರಮದಲ್ಲಿ ನಡೆದರೆ, ಗಾಜಿನ ಪೆಟ್ಟಿಗೆಗಳಲ್ಲಿರುವ ಹಿತ್ತಾಳೆ ಉಪಕರಣಗಳು ತಾವಾಗಿಯೇ ಅರ್ಥವಾಗತೊಡಗುತ್ತವೆ.

ಮೊದಲ ಹಂತ: ದಿನವನ್ನು ಆರಿಸಿಕೊಳ್ಳುವುದು

ಇಂಗ್ಲೆಂಡಿನಲ್ಲಿ ಪ್ರತಿವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಐತಿಹಾಸಿಕ ಕಟ್ಟಡಗಳನ್ನು ಜನರಿಗೆ ಉಚಿತವಾಗಿ ತೆರೆದು ತೋರಿಸುವ ಹಬ್ಬವೊಂದು ನಡೆಯುತ್ತದೆ. ಹೆರಿಟೇಜ್ ಓಪನ್ ಡೇಸ್ ಎಂಬ ಹೆಸರಿನಲ್ಲಿ ಇದು 1994ರಿಂದ ದೇಶದಾದ್ಯಂತ ನಡೆದುಬಂದಿದೆ. ಆಕ್ಸ್‌ಫರ್ಡ್ ನಗರದಲ್ಲಿ ಇದೇ ಕಾಲಕ್ಕೆ ಆಕ್ಸ್‌ಫರ್ಡ್ ಓಪನ್ ಡೋರ್ಸ್ ಎಂಬ ವಾರಾಂತ್ಯವನ್ನು ಅಲ್ಲಿನ ಪರಂಪರೆ ಸಂರಕ್ಷಣಾ ಸಂಸ್ಥೆ ವಿಶ್ವವಿದ್ಯಾಲಯದ ಜೊತೆಗೂಡಿ ಏರ್ಪಡಿಸುತ್ತದೆ. ಕಾಲೇಜುಗಳು, ಪ್ರಯೋಗಾಲಯಗಳು, ಚರ್ಚುಗಳು, ಗ್ರಂಥಾಲಯಗಳು ಆ ದಿನಗಳಲ್ಲಿ ಸಾಮಾನ್ಯವಾಗಿ ಮುಚ್ಚಿರುವ ಬಾಗಿಲುಗಳನ್ನು ತೆರೆಯುತ್ತವೆ.

ಯಾವ ವರ್ಷ ಯಾವ ಕಟ್ಟಡ ಸೇರುತ್ತದೆ, ಮಾರ್ಗದರ್ಶಕರೊಂದಿಗಿನ ಸುತ್ತಾಟ ಎಷ್ಟು ಗಂಟೆಗೆ, ಅದಕ್ಕೆ ಮುಂಚಿತವಾಗಿ ಹೆಸರು ನೋಂದಾಯಿಸಬೇಕೇ ಎಂಬ ವಿವರಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದ್ದರಿಂದ ಆಗಸ್ಟ್ ತಿಂಗಳಲ್ಲಿಯೇ ಕಾರ್ಯಕ್ರಮ ಪಟ್ಟಿಯನ್ನೂ ಮ್ಯೂಸಿಯಂನ ಪ್ರಕಟಣೆಯನ್ನೂ ನೋಡಿಕೊಳ್ಳಬೇಕು. ತಂಡದ ಸುತ್ತಾಟಗಳಲ್ಲಿ ಸ್ಥಳ ಕಡಿಮೆಯಿರುತ್ತದೆ ಮತ್ತು ಬೇಗ ಭರ್ತಿಯಾಗುತ್ತದೆ. ಆ ದಿನ ಸಿಗದಿದ್ದರೆ ಬೇಸರಪಡಬೇಕಾದದ್ದೇನಿಲ್ಲ. ಮ್ಯೂಸಿಯಂಗೆ ಉಳಿದ ದಿನಗಳಲ್ಲೂ ಪ್ರವೇಶ ಶುಲ್ಕವಿಲ್ಲ. ಸೋಮವಾರ ಬಿಟ್ಟು ಬೇರೆ ದಿನಗಳಲ್ಲಿ ಮಧ್ಯಾಹ್ನ 12ರಿಂದ ಸಂಜೆ 5ರವರೆಗೆ ತೆರೆದಿರುವುದು ವಾಡಿಕೆ. ಕೆಳಗೆ ಹೇಳಿರುವ ಕ್ರಮವನ್ನು ಸಾಮಾನ್ಯ ದಿನದಲ್ಲೂ ಬಹುಮಟ್ಟಿಗೆ ಅನುಸರಿಸಬಹುದು. ತೆರೆದ ಬಾಗಿಲಿನ ದಿನದ ಹೆಚ್ಚುಗಾರಿಕೆಯೆಂದರೆ, ಕಟ್ಟಡವನ್ನು ಬಲ್ಲವರು ಪ್ರಶ್ನೆಗಳಿಗೆ ಉತ್ತರಿಸಲೆಂದೇ ಅಲ್ಲಿ ನಿಂತಿರುತ್ತಾರೆ.

ಎರಡನೆಯ ಹಂತ: ಮನೆಯಲ್ಲಿಯೇ ಮಾಡಿಕೊಳ್ಳಬೇಕಾದ ಸಿದ್ಧತೆ

ಈ ಮ್ಯೂಸಿಯಂನ ಜೀವಾಳ ಹಳೆಯ ಖಗೋಳ ಉಪಕರಣಗಳು. ಅವುಗಳ ಮುಂದೆ ಏನೂ ತಿಳಿಯದೆ ನಿಂತರೆ ಎಲ್ಲವೂ ಒಂದೇ ಬಗೆಯ ಕುಸುರಿ ತಟ್ಟೆಗಳಾಗಿ ಕಾಣುತ್ತವೆ. ಅರ್ಧ ಗಂಟೆಯ ಒಂದು ಅಭ್ಯಾಸ ಈ ತೊಡಕನ್ನು ನಿವಾರಿಸುತ್ತದೆ.

ಶಾಲಾ ಮಕ್ಕಳ ಜಾಮಿಟ್ರಿ ಪೆಟ್ಟಿಗೆಯಲ್ಲಿರುವ ಅರ್ಧವೃತ್ತಾಕಾರದ ಕೋನಮಾಪಕವನ್ನು ತೆಗೆದುಕೊಳ್ಳಿ. ಅದರ ನೇರ ಅಂಚಿನ ಉದ್ದಕ್ಕೂ ತಂಪು ಪಾನೀಯ ಕುಡಿಯುವ ಒಂದು ಸ್ಟ್ರಾ ಅಂಟಿಸಿ. ನೇರ ಅಂಚಿನ ಮಧ್ಯಬಿಂದುವಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟನ್ನೋ ಚಿಕ್ಕ ಬೀಗವನ್ನೋ ತೂಗುಬಿಡಿ. ಸ್ಟ್ರಾ ಮಟ್ಟವಾಗಿದ್ದಾಗ ದಾರ 90ರ ಗೆರೆಯ ಮೇಲೆ ನಿಲ್ಲುತ್ತದೆ. ಕತ್ತಲಾದ ಮೇಲೆ ಸ್ಟ್ರಾದ ಮೂಲಕ ಧ್ರುವ ನಕ್ಷತ್ರವನ್ನು ನೋಡಿದಾಗ ದಾರವು 90ರಿಂದ ಎಷ್ಟು ಡಿಗ್ರಿ ಸರಿದಿದೆಯೋ ಅದೇ ಆ ನಕ್ಷತ್ರದ ಉನ್ನತಿ, ಅಂದರೆ ಕ್ಷಿತಿಜದಿಂದ ಅದು ಇರುವ ಎತ್ತರ. ಧ್ರುವ ನಕ್ಷತ್ರದ ಉನ್ನತಿಯು ನೀವು ನಿಂತ ಸ್ಥಳದ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ. ಮನೆಗಳ ಸಾಲಿನ ಹಿಂದೆ, ದೂಳು ಮತ್ತು ಬೀದಿದೀಪಗಳ ನಡುವೆ ಅದನ್ನು ಹುಡುಕುವುದು ಸುಲಭವಲ್ಲ. ಆಕ್ಸ್‌ಫರ್ಡ್‌ನಲ್ಲಿ ಅದು ಸುಮಾರು 52 ಡಿಗ್ರಿ ಎತ್ತರದಲ್ಲಿ ನಿಚ್ಚಳವಾಗಿ ನಿಂತಿರುತ್ತದೆ. ಈ ಎರಡು ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಮ್ಯೂಸಿಯಂನ ಮೇಲಿನ ಅಂತಸ್ತಿನಲ್ಲಿ ಅವು ಬೇಕಾಗುತ್ತವೆ.

ಹಗಲಿನಲ್ಲಿ ಸೂರ್ಯನ ಉನ್ನತಿಯನ್ನೂ ಇದೇ ಸಾಧನದಿಂದ ಅಳೆಯಬಹುದು. ಆದರೆ ಸ್ಟ್ರಾದ ಮೂಲಕ ಸೂರ್ಯನನ್ನು ಕಣ್ಣಿನಿಂದ ನೋಡಲೇಬಾರದು. ಸ್ಟ್ರಾದ ಒಂದು ತುದಿಯಿಂದ ಒಳಹೊಕ್ಕ ಬಿಸಿಲು ಇನ್ನೊಂದು ತುದಿಯ ಬಳಿ ಹಿಡಿದ ಅಂಗೈಯ ಮೇಲೆ ಚುಕ್ಕೆಯಾಗಿ ಬೀಳುವಂತೆ ಹಿಡಿದು, ಆಗ ದಾರ ನಿಂತ ಗೆರೆಯನ್ನು ಇನ್ನೊಬ್ಬರಿಂದ ಓದಿಸಬೇಕು. ಹಳೆಯ ಉಪಕರಣಗಳಲ್ಲೂ ಸೂರ್ಯನನ್ನು ಹೀಗೆಯೇ ಅಳೆಯುತ್ತಿದ್ದರು. ಒಂದು ರಂಧ್ರದಿಂದ ಹೊರಟ ಬೆಳಕು ಎದುರಿನ ರಂಧ್ರದ ಮೇಲೆ ಬೀಳುವಂತೆ ಅಳತೆಪಟ್ಟಿಯನ್ನು ತಿರುಗಿಸುತ್ತಿದ್ದರು.

ಇನ್ನೊಂದು ಸಿದ್ಧತೆಯೆಂದರೆ, ಮ್ಯೂಸಿಯಂನ ಅಂತರ್ಜಾಲ ಸಂಗ್ರಹದಲ್ಲಿ ಚಿತ್ರಗಳನ್ನು ನೋಡಿ ಐದಾರು ವಸ್ತುಗಳನ್ನು ಮಾತ್ರ ಆರಿಸಿಕೊಳ್ಳುವುದು. ಎಲ್ಲವನ್ನೂ ನೋಡುತ್ತೇನೆಂದು ಹೊರಟವರು ಏನನ್ನೂ ನೋಡದೆ ಬರುತ್ತಾರೆ. ವಸ್ತುಗಳನ್ನು ಸಾಲ ಕೊಡುವುದು, ಸ್ಥಳ ಬದಲಿಸುವುದು ಮ್ಯೂಸಿಯಂಗಳಲ್ಲಿ ನಡೆಯುತ್ತಲೇ ಇರುವುದರಿಂದ, ನಿಮ್ಮ ಪಟ್ಟಿಯನ್ನು ಬಾಗಿಲಲ್ಲಿರುವ ಸಿಬ್ಬಂದಿಗೆ ತೋರಿಸಿ ಅವು ಅಂದು ಪ್ರದರ್ಶನದಲ್ಲಿವೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಪ್ರಯಾಣದ ವಿಷಯ ಸರಳ. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ. ಆಕ್ಸ್‌ಫರ್ಡ್ ನಿಲ್ದಾಣದಿಂದ ಬ್ರಾಡ್ ಸ್ಟ್ರೀಟಿಗೆ ಕಾಲು ಗಂಟೆಯ ನಡಿಗೆ. ಊರೊಳಗೆ ಕಾರು ನಿಲ್ಲಿಸುವುದು ಕಷ್ಟವೂ ದುಬಾರಿಯೂ ಆಗಿರುವುದರಿಂದ ಕಾರಿನಲ್ಲಿ ಹೋಗುವವರು ಊರ ಹೊರಗಿನ ಪಾರ್ಕ್ ಅಂಡ್ ರೈಡ್ ನಿಲುಗಡೆಗಳಲ್ಲಿ ಕಾರು ಬಿಟ್ಟು ಬಸ್ಸು ಹಿಡಿಯುವುದು ಒಳ್ಳೆಯದು. ಮ್ಯೂಸಿಯಂ ಮಧ್ಯಾಹ್ನ ತೆರೆಯುವುದರಿಂದ ಊಟ ಮುಗಿಸಿಯೇ ಒಳಗೆ ಹೋಗಿ. ಐದು ನಿಮಿಷದ ದೂರದಲ್ಲಿ ಹದಿನೆಂಟನೆಯ ಶತಮಾನದ ಕವರ್ಡ್ ಮಾರ್ಕೆಟ್ ಇದೆ. ಹಿರಿಯರನ್ನು ಕರೆದೊಯ್ಯುವವರು ಒಂದು ಮಾತನ್ನು ಗಮನಿಸಬೇಕು: ಇದು ಹದಿನೇಳನೆಯ ಶತಮಾನದ ಕಟ್ಟಡ, ಅಂತಸ್ತುಗಳ ನಡುವೆ ಮೆಟ್ಟಿಲುಗಳು ಬಹಳ. ಮಂಡಿನೋವು ಇರುವವರಿಗೆ ಯಾವ ಅನುಕೂಲವಿದೆಯೆಂದು ಮ್ಯೂಸಿಯಂಗೆ ಮೊದಲೇ ಬರೆದು ಕೇಳುವುದು ಸೂಕ್ತ.

ಮೂರನೆಯ ಹಂತ: ಒಳಗೆ ಹೋಗುವ ಮೊದಲು ಹೊರಗೆ ನಿಲ್ಲುವುದು

ಬೀದಿಯ ಬದಿಯಲ್ಲಿ ಕಂಬಗಳ ಮೇಲೆ ಗಡ್ಡಧಾರಿ ಕಲ್ಲಿನ ತಲೆಗಳ ಸಾಲು ಕಾಣುತ್ತದೆ. ಇವನ್ನು ಚಕ್ರವರ್ತಿಗಳ ತಲೆಗಳೆಂದು ಕರೆಯುವುದು ರೂಢಿ. ಇವುಗಳಲ್ಲಿ ಹೆಚ್ಚು ಕಾಲ ಕಳೆಯಬೇಕಿಲ್ಲ. ಶೆಲ್ಡೋನಿಯನ್‌ಗೆ ಮುಖಮಾಡಿರುವ ಪೂರ್ವದ ಪಾರ್ಶ್ವಕ್ಕೆ ನಡೆದುಹೋಗಿ ಅಲ್ಲಿನ ಅಲಂಕೃತ ದ್ವಾರವನ್ನು ನೋಡಿ. ಬೀದಿಗೆ ತೆರೆಯುವ ಬಾಗಿಲಿಗಿಂತ ಅದು ಎಷ್ಟೋ ವೈಭವದ್ದು. ವಿಶ್ವವಿದ್ಯಾಲಯದ ಸಮಾರಂಭಗಳು ನಡೆಯುವ ಥಿಯೇಟರಿಗೆ ಎದುರಾಗಿ ಇಂತಹ ಬಾಗಿಲನ್ನು ಇಟ್ಟದ್ದರಲ್ಲಿ ಒಂದು ಘೋಷಣೆಯಿದೆ: ಪ್ರಯೋಗದಿಂದ ಕಲಿಯುವ ಹೊಸ ವಿದ್ಯೆಗೆ ದೇವತಾಶಾಸ್ತ್ರ, ನ್ಯಾಯಶಾಸ್ತ್ರಗಳ ಪಕ್ಕದಲ್ಲಿ ಸ್ಥಾನ ಸಿಕ್ಕಿದೆಯೆಂದು.

ಈಗ ಕಟ್ಟಡದ ಕಥೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಜಾನ್ ಟ್ರೇಡ್‌ಸ್ಕಾಂಟ್ ಎಂಬ ಒಂದೇ ಹೆಸರಿನ ತಂದೆ ಮಗ ಇದ್ದರು. ವೃತ್ತಿಯಿಂದ ತೋಟಗಾರರಾದ ಇವರು ದೇಶ ದೇಶಗಳ ಗಿಡ, ಚಿಪ್ಪು, ನಾಣ್ಯ, ಆಯುಧ, ಪ್ರಾಣಿಗಳ ದೇಹಗಳನ್ನು ಕೂಡಿಸಿಟ್ಟಿದ್ದರು. ಆ ಸಂಗ್ರಹ ಎಲಿಯಾಸ್ ಆಶ್ಮೋಲ್ ಎಂಬ ವಿದ್ವಾಂಸನ ಕೈಸೇರಿತು. ಅದನ್ನು ಇಡಲು ತಕ್ಕ ಕಟ್ಟಡ ಕಟ್ಟಿಸುವುದಾದರೆ ಕೊಡುತ್ತೇನೆಂದು ಅವನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಷರತ್ತು ಹಾಕಿದ. 1683ರ ಮೇ ತಿಂಗಳಲ್ಲಿ, ಮುಂದೆ ಎರಡನೆಯ ಜೇಮ್ಸ್ ದೊರೆಯಾದ ಯಾರ್ಕ್‌ನ ಡ್ಯೂಕ್ ಬಂದು ಮ್ಯೂಸಿಯಂ ವೀಕ್ಷಿಸಿದ.

ಅಂದಿನ ಲ್ಯಾಟಿನ್ ಬರಹದಲ್ಲಿ ಕಟ್ಟಡದ ಮೂರು ಕೆಲಸಗಳ ಹೆಸರಿದೆ: ಆಶ್ಮೋಲಿಯನ್ ಮ್ಯೂಸಿಯಂ, ನಿಸರ್ಗ ಚರಿತ್ರೆಯ ಶಾಲೆ, ರಸಾಯನ ಕಾರ್ಯಾಗಾರ. ಮೇಲಿನ ಅಂತಸ್ತಿನಲ್ಲಿ ವಸ್ತುಗಳ ಸಂಗ್ರಹ, ನಡುವಿನ ಅಂತಸ್ತಿನಲ್ಲಿ ಪಾಠ ಮತ್ತು ಪ್ರಾತ್ಯಕ್ಷಿಕೆ, ನೆಲಮಾಳಿಗೆಯಲ್ಲಿ ಪ್ರಯೋಗಶಾಲೆ. ವಸ್ತುವನ್ನು ನೋಡು, ಅದರ ಬಗ್ಗೆ ಕೇಳು, ನಂತರ ಅದನ್ನು ಒಲೆಯ ಮೇಲಿಟ್ಟು ಪರೀಕ್ಷಿಸು ಎಂಬ ಕಲಿಕೆಯ ಕ್ರಮವನ್ನು ಇಲ್ಲಿ ಕಲ್ಲಿನಲ್ಲಿಯೇ ಕಟ್ಟಿಟ್ಟಿದ್ದಾರೆ. ಆದಕಾರಣ ನೋಡುವವರು ನೇರವಾಗಿ ಮೇಲಕ್ಕೆ ಹತ್ತಿ, ಅಲ್ಲಿಂದ ಕೆಳಗಿಳಿಯುತ್ತಾ ಬರುವುದು ಲೇಸು. ಇದರಿಂದ ಇನ್ನೊಂದು ಉಪಯೋಗವೂ ಉಂಟು. ಬಂದವರಲ್ಲಿ ಹೆಚ್ಚಿನವರು ಪ್ರವೇಶದ ಅಂತಸ್ತಿನಲ್ಲಿ ಅಡ್ಡಾಡಿ, ನೆಲಮಾಳಿಗೆಯಲ್ಲಿರುವ ಐನ್‌ಸ್ಟೈನ್ ಬೋರ್ಡಿನ, ಅಂದರೆ ಉಪನ್ಯಾಸವೊಂದರಲ್ಲಿ ಐನ್‌ಸ್ಟೈನ್ ಬರೆದ ಕಪ್ಪು ಹಲಗೆಯ, ಮುಂದೆ ಗುಂಪುಗೂಡುತ್ತಾರೆ. ಹೆಚ್ಚು ಏಕಾಗ್ರತೆ ಬೇಡುವ ಮೇಲಿನ ಗ್ಯಾಲರಿಯನ್ನು ಆಗಲೇ ನೀವು ನೆಮ್ಮದಿಯಿಂದ ನೋಡಿ ಮುಗಿಸಿರುತ್ತೀರಿ.

ಸಾರ್ವಜನಿಕ ಎಂಬ ಮಾತನ್ನು ಅಂದು ಅಕ್ಷರಶಃ ಪಾಲಿಸಲಾಗಿತ್ತು. 1710ರಲ್ಲಿ ಇಲ್ಲಿಗೆ ಬಂದ ಉಫೆನ್‌ಬಾಖ್ ಎಂಬ ಜರ್ಮನ್ ವಿದ್ವಾಂಸ, ಹಣ ಕೊಟ್ಟ ಹೆಂಗಸರನ್ನೂ ಒಳಗೆ ಬಿಡುತ್ತಾರೆ, ಬಂದವರು ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡುತ್ತಾರೆ ಎಂದು ಮೂಗು ಮುರಿದಿದ್ದ. ಅವನ ದೂರನ್ನು ಇಂದು ಪ್ರಶಂಸೆಯಾಗಿ ಓದಬಹುದು.

ನಾಲ್ಕನೆಯ ಹಂತ: ಮೇಲಿನ ಗ್ಯಾಲರಿ ಮತ್ತು ಆಸ್ಟ್ರೋಲೇಬ್‌ಗಳು

ಈಗ ಇಲ್ಲಿರುವ ಉಪಕರಣಗಳು ಆಶ್ಮೋಲ್ ತಂದವಲ್ಲ. ನಿಸರ್ಗ ಚರಿತ್ರೆಯ ವಸ್ತುಗಳೂ ಪ್ರಾಚ್ಯವಸ್ತುಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆ ಕಟ್ಟಡಗಳಿಗೆ ಹೋದವು. ಆಶ್ಮೋಲಿಯನ್ ಎಂಬ ಹೆಸರೂ ಅವುಗಳ ಜೊತೆ ಬೋಮಂಟ್ ಸ್ಟ್ರೀಟಿಗೆ ಹೋಯಿತು. ಆಮೇಲೆ ಕೆಲಕಾಲ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರು ಇಲ್ಲಿ ಕೆಲಸ ಮಾಡಿದರು. 1924ರಲ್ಲಿ ಲೂಯಿಸ್ ಇವಾನ್ಸ್ ಎಂಬ ಕಾಗದ ಉದ್ಯಮಿ ತಾನು ಜೀವಮಾನವೆಲ್ಲ ಕೂಡಿಸಿದ ಆಸ್ಟ್ರೋಲೇಬ್, ನೆರಳು ಗಡಿಯಾರ, ಗಣಿತ ಉಪಕರಣಗಳನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟ. ರಾಬರ್ಟ್ ಗುಂಥರ್ ಮೊದಲ ಕ್ಯುರೇಟರ್ ಆಗಿ, ಕಾಲೇಜುಗಳ ಮೂಲೆಗಳಲ್ಲಿ ದೂಳು ಹಿಡಿದಿದ್ದ ಹಳೆಯ ಉಪಕರಣಗಳನ್ನು ಹಟ ಹಿಡಿದು ಇಲ್ಲಿಗೆ ತಂದು ಸೇರಿಸಿದ.

ಆಸ್ಟ್ರೋಲೇಬ್‌ಗಳ ವಿಷಯದಲ್ಲಿ ಈ ಸಂಗ್ರಹಕ್ಕೆ ಸಾಟಿಯಿಲ್ಲ. ಸುಮಾರು 170 ಇಲ್ಲಿವೆ. ಆಸ್ಟ್ರೋಲೇಬ್ ಎಂದರೆ ಆಕಾಶದ ಗೋಲವನ್ನು ಚಪ್ಪಟೆ ಲೋಹದ ಮೇಲೆ ಇಳಿಸಿದ ಗಣಕ ಉಪಕರಣ. ನೋಡುವಾಗ ನಾಲ್ಕು ಭಾಗಗಳನ್ನು ಗುರುತಿಸಿ. ಎಲ್ಲಕ್ಕಿಂತ ಹೊರಗಿರುವುದು ಅಂಚು ಎತ್ತರವಾದ ದಪ್ಪ ತಟ್ಟೆ. ಅದರ ಅಂಚಿನ ಮೇಲೆ ಡಿಗ್ರಿಗಳ ಗೆರೆಗಳಿರುತ್ತವೆ. ಅದರೊಳಗೆ ಕೂರುವುದು ಬಿಡಿಸಿ ತೆಗೆಯಬಹುದಾದ ತೆಳು ತಗಡು. ಒಂದೊಂದು ತಗಡಿನ ಒಂದೊಂದು ಮುಖವೂ ಒಂದೊಂದು ಅಕ್ಷಾಂಶಕ್ಕೆ ಕೊರೆದದ್ದು. ಅದರ ಮೇಲೆ ತಿರುಗುವುದು ಜಾಲಂಧ್ರದಂತೆ ಕತ್ತರಿಸಿದ ನಕ್ಷತ್ರ ನಕ್ಷೆ. ಅದರ ಚೂಪಾದ ಪ್ರತಿ ಸೂಚಿಯ ತುದಿಯೂ ಒಂದು ನಕ್ಷತ್ರ, ಒಳಗಿನ ಪುಟ್ಟ ಬಳೆ ಸೂರ್ಯ ವರ್ಷವಿಡೀ ಸಾಗುವ ಕ್ರಾಂತಿವೃತ್ತ. ಹಿಂಬದಿಯಲ್ಲಿರುವುದು ಎರಡು ರಂಧ್ರಗಳುಳ್ಳ ಅಳತೆಪಟ್ಟಿ.

ಬಳಸುವ ಕ್ರಮ ಹೀಗೆ. ಉಪಕರಣವನ್ನು ಉಂಗುರದಿಂದ ತೂಗಿ ಹಿಡಿದು, ಹಿಂಬದಿಯ ಪಟ್ಟಿಯಿಂದ ಸೂರ್ಯನ ಅಥವಾ ಒಂದು ನಕ್ಷತ್ರದ ಉನ್ನತಿಯನ್ನು ಅಳೆಯುವುದು. ಮುಂಬದಿಯ ತಗಡಿನ ಮೇಲೆ ಅದೇ ಉನ್ನತಿಯ ವೃತ್ತವನ್ನು ಹುಡುಕುವುದು. ನಕ್ಷತ್ರ ನಕ್ಷೆಯನ್ನು ತಿರುಗಿಸಿ ಆ ನಕ್ಷತ್ರದ ಸೂಚಿಯನ್ನು, ಅಥವಾ ಅಂದಿನ ಸೂರ್ಯನ ಸ್ಥಾನವನ್ನು, ಆ ವೃತ್ತದ ಮೇಲೆ ನಿಲ್ಲಿಸುವುದು. ಆಗ ಇಡೀ ಆಕಾಶ ಆ ಕ್ಷಣದಲ್ಲಿ ಹೇಗಿದೆಯೋ ಹಾಗೆ ನಿಮ್ಮ ಅಂಗೈಯಲ್ಲಿರುತ್ತದೆ. ಸಮಯ ಎಷ್ಟು, ಯಾವ ರಾಶಿ ಉದಯಿಸುತ್ತಿದೆ, ಸೂರ್ಯಾಸ್ತಕ್ಕೆ ಎಷ್ಟು ಹೊತ್ತಿದೆ ಎಂಬುದನ್ನೆಲ್ಲ ಓದಿಕೊಳ್ಳಬಹುದು. ನೀವು ಮನೆಯಲ್ಲಿ ಮಾಡಿದ ಕೋನಮಾಪಕ ಈ ಕೆಲಸದ ಮೊದಲ ಅರ್ಧವನ್ನು ಮಾಡಿತ್ತು.

ಗಾಜಿನ ಹೊರಗೆ ನಿಂತೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಫಲಕಗಳಲ್ಲಿ ಇದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ತಗಡಿನ ನಡುವಿನ ಮೊಳೆ ಉತ್ತರ ಧ್ರುವದ ಸ್ಥಾನ. ಉನ್ನತಿಯ ವೃತ್ತಗಳ ಗುಂಪಿನ ಅತ್ಯಂತ ಹೊರಗಿನ ಕಮಾನು ಕ್ಷಿತಿಜ. ಅತ್ಯಂತ ಒಳಗಿನ ಬಿಂದು ನೆತ್ತಿ. ಧ್ರುವದ ಉನ್ನತಿ ಕಡಿಮೆಯಿರುವ ಊರಿನಲ್ಲಿ ಧ್ರುವ ಕ್ಷಿತಿಜಕ್ಕೆ ಹತ್ತಿರವಿರುತ್ತದೆ. ಆದ್ದರಿಂದ ಆ ಊರಿಗೆಂದು ಕೊರೆದ ತಗಡಿನಲ್ಲಿ ಕ್ಷಿತಿಜದ ಕಮಾನು ಮೊಳೆಯ ಸಮೀಪದಲ್ಲೇ ಹಾದುಹೋಗುತ್ತದೆ. ಮೊಳೆಯ ಸುತ್ತಲಿನ ಮೂರು ವೃತ್ತಗಳಲ್ಲಿ ನಡುವಿನದಾದ ವಿಷುವದ್ವೃತ್ತದ, ಅಂದರೆ ಆಕಾಶದ ಮಧ್ಯರೇಖೆಯ, ತ್ರಿಜ್ಯವನ್ನು 100 ಎಂದುಕೊಂಡರೆ, ಮೊಳೆಯಿಂದ ಕ್ಷಿತಿಜಕ್ಕೆ ಇರುವ ಅತಿ ಕಡಿಮೆ ದೂರ ಆಕ್ಸ್‌ಫರ್ಡ್‌ನ ತಗಡಿನಲ್ಲಿ ಸುಮಾರು 49, ಲಾಹೋರಿನದರಲ್ಲಿ ಸುಮಾರು 28, ಬೆಂಗಳೂರಿಗೆಂದು ಕೊರೆದರೆ ಸುಮಾರು 11. ಭೂಮಧ್ಯರೇಖೆಯ ಮೇಲಿನ ಊರಿಗಾದರೆ ಕ್ಷಿತಿಜವು ಮೊಳೆಯ ಮೂಲಕವೇ ಹಾಯುವ ನೇರ ಗೆರೆಯಾಗುತ್ತದೆ. ಇಷ್ಟು ತಿಳಿದಿದ್ದರೆ, ಅರಬ್ಬಿ ಅಕ್ಷರಗಳನ್ನು ಓದಲು ಬಾರದವರೂ ಒಂದು ತಗಡು ಉತ್ತರ ಯುರೋಪಿನದೋ ದಕ್ಷಿಣದ ನಾಡಿನದೋ ಎಂದು ಕಣ್ಣಳತೆಯಲ್ಲೇ ಊಹಿಸಬಹುದು.

ಈ ಪರೀಕ್ಷೆಯನ್ನು ಮಾಡಿನೋಡಲು ಎರಡು ಗುಂಪುಗಳನ್ನು ಹೋಲಿಸಿ. ಒಂದು, 1559ರಲ್ಲಿ ಲಂಡನ್ನಿನಲ್ಲಿ ಥಾಮಸ್ ಜೆಮಿನಿ ಮಾಡಿದ, ರಾಣಿ ಒಂದನೆಯ ಎಲಿಜಬೆತ್‌ಳ ಹೆಸರಿನೊಂದಿಗೆ ಸೇರಿದ ಆಸ್ಟ್ರೋಲೇಬ್‌ನಂತಹ ಯುರೋಪಿನವು. ಇನ್ನೊಂದು, ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಲಾಹೋರಿನಲ್ಲಿ ತಯಾರಾದವು. ಉಸ್ತಾದ್ ಅಲ್ಲಾಹ್‌ದಾದ್ ಎಂಬ ಕುಶಲಕರ್ಮಿಯ ಮನೆತನ ಅಲ್ಲಿ ತಲೆಮಾರುಗಳ ಕಾಲ ಈ ಕೆಲಸವನ್ನು ಮಾಡಿತು. ಅವರ ಉಪಕರಣಗಳ ಒಳತಟ್ಟೆಯಲ್ಲಿ ಊರುಗಳ ಹೆಸರು, ರೇಖಾಂಶ, ಅಕ್ಷಾಂಶಗಳ ಪಟ್ಟಿ ಇರುವುದು ಸಾಮಾನ್ಯ. ಪಾರ್ಸಿ ಲಿಪಿ ಬಲ್ಲವರು ಜೊತೆಯಲ್ಲಿದ್ದರೆ ದಖನ್ನಿನ ಊರುಗಳು ಕಾಣುತ್ತವೆಯೇ ಎಂದು ಹುಡುಕಿಸಿ. ಭಾರತದಲ್ಲಿ ಈ ಉಪಕರಣಕ್ಕೆ ಸಂಸ್ಕೃತದ ಪರಂಪರೆಯೂ ಇದೆ. ಫಿರೋಜ್ ಶಾ ತುಘಲಕನ ಆಸ್ಥಾನದಲ್ಲಿದ್ದ ಜೈನ ವಿದ್ವಾಂಸ ಮಹೇಂದ್ರ ಸೂರಿ 1370ರಲ್ಲಿಯೇ ಇದರ ಬಗ್ಗೆ ಯಂತ್ರರಾಜ ಎಂಬ ಗ್ರಂಥ ರಚಿಸಿದ್ದ.

ಇನ್ನು ಎರಡು ವಸ್ತುಗಳನ್ನು ತಪ್ಪಿಸಬೇಡಿ. ಒಂದು, ಹಿಜರಿ 885ರ, ಅಂದರೆ ಕ್ರಿ.ಶ. 1480–81ರ ಗೋಲಾಕಾರದ ಆಸ್ಟ್ರೋಲೇಬ್. ಚಪ್ಪಟೆಯಾಗಿಸದೆ ಗೋಲವನ್ನು ಗೋಲವಾಗಿಯೇ ಉಳಿಸಿದ ಈ ಬಗೆಯಲ್ಲಿ ಪೂರ್ಣವಾಗಿ ಉಳಿದಿರುವುದು ಇದೊಂದೇ ಎನ್ನಲಾಗಿದೆ. ಇನ್ನೊಂದು, 1221–22ರಲ್ಲಿ ಇಸ್ಫಹಾನಿನ ಮುಹಮ್ಮದ್ ಬಿನ್ ಅಬಿ ಬಕ್ರ್ ಮಾಡಿದ್ದು. ಇದರ ಮೈಯೊಳಗೆ ಹಲ್ಲುಚಕ್ರಗಳ ಜೋಡಣೆಯಿದ್ದು, ಸೂರ್ಯ ಚಂದ್ರರ ಸ್ಥಾನಗಳನ್ನೂ ಹಿಂಬದಿಯ ಪುಟ್ಟ ಕಿಂಡಿಯಲ್ಲಿ ಚಂದ್ರನ ಕಲೆಯನ್ನೂ ತೋರಿಸುತ್ತದೆ. ಪೂರ್ಣ ರೂಪದಲ್ಲಿ ಉಳಿದುಬಂದ ಹಲ್ಲುಚಕ್ರ ಯಂತ್ರಗಳಲ್ಲಿ ಇದಕ್ಕಿಂತ ಹಳೆಯದು ಇಲ್ಲವೆಂದು ಪರಿಗಣಿಸಲಾಗಿದೆ. ನನ್ನ ಮಟ್ಟಿಗೆ, ಸಮಯ ಕೇವಲ ಕಾಲು ಗಂಟೆಯಿದ್ದರೆ ಇಡೀ ಮ್ಯೂಸಿಯಂನಲ್ಲಿ ನೋಡಬೇಕಾದದ್ದು ಇದೊಂದನ್ನೇ. ಐನ್‌ಸ್ಟೈನನ ಬೋರ್ಡೂ ಇದರ ನಂತರವೇ.

ಐದನೆಯ ಹಂತ: ನೆರಳು ಗಡಿಯಾರ ಮತ್ತು ಭೂಮಾಪನದ ಉಪಕರಣಗಳು

ನೆರಳು ಗಡಿಯಾರಗಳಲ್ಲಿ ನೆರಳು ಬೀಳಿಸುವ ಓರೆ ಅಂಚನ್ನು ಗಮನಿಸಿದರೆ ಸಾಕು. ಅದು ಧ್ರುವದ ಕಡೆಗೆ ಚಾಚಿರಬೇಕಾದ್ದರಿಂದ ಅದರ ಓರೆಯೂ ಊರಿನ ಅಕ್ಷಾಂಶವೇ. ಇಂಗ್ಲೆಂಡಿಗೆ ಮಾಡಿದ ಗಡಿಯಾರದಲ್ಲಿ ಅದು ಕಡಿದಾಗಿ ಎದ್ದಿರುತ್ತದೆ. ಬೆಂಗಳೂರಿಗೆ ಮಾಡಿದರೆ ಹೆಚ್ಚುಕಡಿಮೆ ಮಲಗಿರಬೇಕು. ಪ್ರಯಾಣಿಕರಿಗೆಂದು ಮಾಡಿದ ಜೇಬಿನ ಗಡಿಯಾರಗಳಲ್ಲಿ ಈ ಓರೆಯನ್ನು ಬದಲಿಸುವ ವ್ಯವಸ್ಥೆ, ದಿಕ್ಸೂಚಿ, ಊರುಗಳ ಅಕ್ಷಾಂಶಗಳ ಪಟ್ಟಿ ಇರುತ್ತವೆ. ಕಾರ್ಡಿನಲ್ ವೂಲ್ಸಿಗಾಗಿ ಸುಮಾರು 1525ರಲ್ಲಿ ನಿಕೋಲಾಸ್ ಕ್ರಾಟ್ಸರ್ ಮಾಡಿದ ಬಹುಮುಖಿ ನೆರಳು ಗಡಿಯಾರ ಈ ಗುಂಪಿನಲ್ಲಿ ಪ್ರಸಿದ್ಧ.

ಹಂಫ್ರಿ ಕೋಲ್ 1586ರಲ್ಲಿ ಮಾಡಿದ ಥಿಯೋಡೊಲೈಟ್, ಅಂದರೆ ಭೂಮಾಪಕರು ಕೋನಗಳನ್ನು ಅಳೆಯುವ ಉಪಕರಣ, ಇದೇ ಸಂಗ್ರಹದ್ದು. ಈ ಉಪಕರಣದ ವಂಶಕ್ಕೂ ನಮ್ಮ ನೆಲಕ್ಕೂ ಸಂಬಂಧವಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು, ಅಂದರೆ ಸರ್ವೆಯ ಉಳಿದ ಲೆಕ್ಕಗಳಿಗೆಲ್ಲ ಬುಡವಾಗುವ ನೇರ ಗೆರೆಯನ್ನು, ಅಳೆದ. 1802ರಲ್ಲಿ ಮದ್ರಾಸಿನ ಬಳಿ ಅಳೆದ ರೇಖೆಯಿಂದ ಮುಂದೆ ಭಾರತದ ಮಹಾ ತ್ರಿಕೋನಮಿತಿ ಸರ್ವೆ ಬೆಳೆಯಿತು. ಅದಕ್ಕೆ ಲಂಡನ್ನಿನ ವಿಲಿಯಂ ಕೇರಿ ತಯಾರಿಸಿದ ಅರ್ಧ ಟನ್ ತೂಕದ ಥಿಯೋಡೊಲೈಟ್ ಬಂದಿತ್ತು. ಆ ದೈತ್ಯ ಉಪಕರಣ ಇಲ್ಲಿಲ್ಲ. ಆದರೂ ಅದರ ಪೂರ್ವಜನನ್ನು ಇಲ್ಲಿ ಕಂಡವರಿಗೆ, ಎರಡು ಶತಮಾನಗಳಲ್ಲಿ ಕೋನ ಅಳೆಯುವ ಸೂಕ್ಷ್ಮತೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ಹೊಳೆಯುತ್ತದೆ.

ಆರನೆಯ ಹಂತ: ನಡುವಿನ ಅಂತಸ್ತಿನ ಮೂಲಕ ನೆಲಮಾಳಿಗೆಗೆ

ಪ್ರವೇಶದ ಅಂತಸ್ತು ಮೊದಲು ಪಾಠಶಾಲೆಯಾಗಿತ್ತು. ಮ್ಯೂಸಿಯಂನ ಮೊದಲ ಮೇಲ್ವಿಚಾರಕನೂ ರಸಾಯನಶಾಸ್ತ್ರದ ಮೊದಲ ಪ್ರಾಧ್ಯಾಪಕನೂ ಆದ ರಾಬರ್ಟ್ ಪ್ಲಾಟ್ ಪಾಠ ಹೇಳಿದ್ದು ಈ ಕಟ್ಟಡದಲ್ಲಿಯೇ. ಡೈನೊಸಾರ್ ಎಂಬ ಕಲ್ಪನೆಯೇ ಇಲ್ಲದ 1677ರಲ್ಲಿ ಅವನು ಪ್ರಕಟಿಸಿದ ಒಂದು ದೊಡ್ಡ ಮೂಳೆಯ ಚಿತ್ರ, ಡೈನೊಸಾರಿನ ಮೂಳೆಯ ಮೊದಲ ಮುದ್ರಿತ ಚಿತ್ರಗಳಲ್ಲೊಂದೆಂದು ಇಂದು ಪ್ರಸಿದ್ಧ. ಈ ಅಂತಸ್ತಿನಲ್ಲಿ ಬೇಗನೆ ಒಂದು ಸುತ್ತು ಹಾಕಿ ಕೆಳಗಿಳಿಯಿರಿ.

ನೆಲಮಾಳಿಗೆಯಲ್ಲಿ ಮೊದಲು ತಲೆಯೆತ್ತಿ ಚಾವಣಿಯನ್ನು ನೋಡಿ. ಒಲೆಗಳ ಬೆಂಕಿ ಮೇಲಿನ ಅಂತಸ್ತುಗಳಿಗೆ ತಾಗಬಾರದೆಂದರೆ ಪ್ರಯೋಗಶಾಲೆ ಕೆಳಗೇ ಇರಬೇಕು, ಚಾವಣಿ ಕಲ್ಲಿನ ಕಮಾನುಗಳದ್ದಾಗಿರಬೇಕು. 1999ರ ಸುಮಾರಿಗೆ ಕಟ್ಟಡದ ವಿಸ್ತರಣೆಗಾಗಿ ಅಗೆದಾಗ ಮನುಷ್ಯರ ಮತ್ತು ಪ್ರಾಣಿಗಳ ಮೂಳೆಗಳು ದೊರೆತವು. ಇಲ್ಲಿ ಅಂಗಚ್ಛೇದನದ ಪಾಠಗಳೂ ನಡೆಯುತ್ತಿದ್ದುದಕ್ಕೆ ಅವು ಸಾಕ್ಷಿ.

ಐನ್‌ಸ್ಟೈನ್ ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಂಡು ಹೊರಡುವವರೇ ಹೆಚ್ಚು. ಅದರ ಕೆಳಗಿನ ಸಾಲುಗಳನ್ನು ಓದುವುದು ಅಷ್ಟೇನೂ ಕಷ್ಟವಲ್ಲ. 1931ರ ಮೇ 16ರಂದು ರೋಡ್ಸ್ ಹೌಸ್‌ನಲ್ಲಿ ಐನ್‌ಸ್ಟೈನ್ ಜರ್ಮನ್ ಭಾಷೆಯಲ್ಲಿ ಉಪನ್ಯಾಸ ಕೊಟ್ಟಾಗ ಬರೆದದ್ದು ಇದು. ಗೆಲಾಕ್ಸಿಗಳು ದೂರ ಸರಿಯುತ್ತಿವೆಯೆಂದು ಹಬಲ್ ತೋರಿಸಿ ಆಗ ಎರಡೇ ವರ್ಷವಾಗಿತ್ತು. ಹಿಗ್ಗುತ್ತಿರುವ ವಿಶ್ವದ ಸಮೀಕರಣಗಳನ್ನು ಮೇಲೆ ಬರೆದು, ಕೆಳಗೆ ಅವುಗಳಿಂದ ಬರುವ ಅಂದಾಜುಗಳನ್ನು ಕೊಟ್ಟಿದ್ದಾನೆ. ರೋ ಎಂಬ ಗ್ರೀಕ್ ಅಕ್ಷರದ ಮುಂದಿರುವುದು ವಿಶ್ವದ ದ್ರವ್ಯದ ಸಾಂದ್ರತೆ. ಪಿ ಅಕ್ಷರದ ಮುಂದಿರುವುದು ವಿಶ್ವದ ತ್ರಿಜ್ಯ, ಸುಮಾರು ಹತ್ತು ಕೋಟಿ ಜ್ಯೋತಿರ್ವರ್ಷ. ಅದರ ಜೊತೆಯ ಎಲ್ ಮತ್ತು ಜೆ ಅಕ್ಷರಗಳು ಜ್ಯೋತಿರ್ವರ್ಷ ಎಂಬುದರ ಜರ್ಮನ್ ಸಂಕ್ಷೇಪ. ಟಿ ಅಕ್ಷರದ ಮುಂದಿರುವುದು ಕಾಲ, ಸುಮಾರು ಸಾವಿರ ಕೋಟಿ ವರ್ಷ. ಇಂದಿನ ಲೆಕ್ಕದಲ್ಲಿ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ತ್ರಿಜ್ಯದ ಅಂಕಿಯಾದರೋ ಬಹಳ ಚಿಕ್ಕದು. ಈ ಅಂಕಿಗಳಲ್ಲಿ ಲೆಕ್ಕದ ಒಂದು ತಪ್ಪೂ ನುಸುಳಿದೆಯೆಂದು ವಿಜ್ಞಾನ ಚರಿತ್ರಕಾರರು ತೋರಿಸಿದ್ದಾರೆ. ಗಣಿತಕ್ಕೆ ಹೆದರುವ ಮಕ್ಕಳಿಗೆ ಇದನ್ನು ಅಗತ್ಯವಾಗಿ ಹೇಳಿ.

ಬೋರ್ಡು ನೋಡಿದ ಮೇಲೆ ಪೆನಿಸಿಲಿನ್ ಬೆಳೆಸಿದ ಪಿಂಗಾಣಿ ಪಾತ್ರೆಯನ್ನು ಕೇಳಿ ನೋಡಿ. ಫ್ಲೋರಿ, ಚೇನ್ ಮತ್ತು ಹೀಟ್ಲಿ ಎಂಬ ಆಕ್ಸ್‌ಫರ್ಡ್ ವಿಜ್ಞಾನಿಗಳ ತಂಡ 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಸೋಂಕು ಹತ್ತಿಸಿ, ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟು, ಉಳಿದ ನಾಲ್ಕಕ್ಕೆ ಏನನ್ನೂ ಕೊಡದೆ ನೋಡಿತು. ಔಷಧಿ ಪಡೆದವು ಬದುಕಿದವು, ಪಡೆಯದವು ಸತ್ತವು. ಮನುಷ್ಯರಿಗೆ ಸಾಲುವಷ್ಟು ಔಷಧಿಗಾಗಿ ಬೂಷ್ಟು ಬೆಳೆಸಲು ಯುದ್ಧಕಾಲದಲ್ಲಿ ಪಾತ್ರೆಗಳೇ ಇರಲಿಲ್ಲ. ಆಸ್ಪತ್ರೆಯ ಬೆಡ್‌ಪ್ಯಾನುಗಳನ್ನು ಬಳಸಿ ನೋಡಿದ ಮೇಲೆ, ಅದೇ ಮಾದರಿಯ ಚಪ್ಪಟೆ ಪಾತ್ರೆಗಳನ್ನು ಹೀಟ್ಲಿ ಕುಂಬಾರಿಕೆ ಕಾರ್ಖಾನೆಯಿಂದ ಮಾಡಿಸಿ ತರಿಸಿದ. ಪಾತ್ರೆಯ ಅಡ್ಡಮೂತಿಯನ್ನೂ ಒಂದರ ಮೇಲೊಂದು ಪೇರಿಸಲು ಬರುವಂತಹ ಆಕಾರವನ್ನೂ ಗಮನಿಸಿ. ಪರಮಾಣು ಸಂಖ್ಯೆಗೆ ಭದ್ರವಾದ ಅರ್ಥ ಕೊಟ್ಟು, 27ನೆಯ ವಯಸ್ಸಿನಲ್ಲಿ ಗಲಿಪೊಲಿ ಯುದ್ಧದಲ್ಲಿ ಮಡಿದ ಹೆನ್ರಿ ಮೋಸ್ಲಿಯ ಎಕ್ಸ್‌ರೇ ಉಪಕರಣವೂ ಈ ಮ್ಯೂಸಿಯಂನ ಆಸ್ತಿ.

ಏಳನೆಯ ಹಂತ: ಕೇಳಬೇಕಾದ ಪ್ರಶ್ನೆಗಳು, ಪಾಲಿಸಬೇಕಾದ ರೀತಿ

ತೆರೆದ ಬಾಗಿಲಿನ ದಿನ ಮಾರ್ಗದರ್ಶಕರಿಗೆ ಇದು ಎಷ್ಟು ಹಳೆಯದು ಎಂದು ಕೇಳಿದರೆ ಫಲಕದಲ್ಲಿರುವ ಉತ್ತರವೇ ಸಿಗುತ್ತದೆ. ಈ ಉಪಕರಣವನ್ನು ನಿಜವಾಗಿ ಬಳಸಿದ ಸವಕಳಿಯ ಗುರುತು ಎಲ್ಲಿದೆ, ಯಾವ ಭಾಗ ನಂತರ ಸೇರಿಸಿದ್ದು, ಇದು ಯಾರ ಕೈಗಳನ್ನು ದಾಟಿ ಇಲ್ಲಿಗೆ ಬಂತು ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಭಾರತದ ವಸ್ತುಗಳ ಮುಂದೆ ಸಂಕೋಚವಿಲ್ಲದೆ ಕೇಳಬಹುದು. ಕಟ್ಟಡದ ಬಗ್ಗೆಯಾದರೆ, ಮೂಲದ ಮರ, ಕಲ್ಲು, ಮೆಟ್ಟಿಲುಗಳು ಯಾವುವು, ಈಚೆಗೆ ಬದಲಾದವು ಯಾವುವು ಎಂದು ಕೇಳಿ. ಉಪಕರಣಗಳ ಮಾದರಿಗಳನ್ನು ಕೈಗೆ ಕೊಡುವ ಮೇಜು ಇದ್ದರೆ ಮಕ್ಕಳನ್ನು ಮೊದಲು ಅಲ್ಲಿಗೆ ಕರೆದೊಯ್ಯಿರಿ. ಕೈಯಲ್ಲಿ ಒಮ್ಮೆ ತಿರುಗಿಸಿದ ಆಸ್ಟ್ರೋಲೇಬ್ ಗಾಜಿನ ಹಿಂದಿನ ಹತ್ತು ಆಸ್ಟ್ರೋಲೇಬ್‌ಗಳಿಗೆ ಸಮ.

ಫೋಟೋ ತೆಗೆಯುವುದಾದರೆ ಫ್ಲ್ಯಾಶ್ ಬೇಡ. ವಸ್ತುವಿನ ಚಿತ್ರದ ಬೆನ್ನಲ್ಲೇ ಅದರ ಫಲಕದ ಚಿತ್ರವನ್ನೂ ತೆಗೆದುಕೊಳ್ಳಿ. ಅದರಲ್ಲಿ ದಾಖಲೆ ಸಂಖ್ಯೆಯಿದ್ದರೆ ಮನೆಗೆ ಬಂದ ಮೇಲೆ ಅಂತರ್ಜಾಲ ಸಂಗ್ರಹದಲ್ಲಿ ಅದೇ ವಸ್ತುವಿನ ವಿವರಗಳನ್ನು ಹುಡುಕಬಹುದು. ಇಡೀ ಭೇಟಿಗೆ ಎರಡೂವರೆ ಗಂಟೆ ಸಾಕು.

ಸಂಜೆ ಇನ್ನೂ ಬೆಳಕಿದ್ದರೆ, ಹತ್ತಿರದ ನ್ಯೂ ಕಾಲೇಜ್ ಲೇನಿನಲ್ಲಿ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ ವಾಸವಿದ್ದ ಮನೆಯನ್ನು ಹೊರಗಿನಿಂದ ನೋಡಬಹುದು. ಟ್ರೇಡ್‌ಸ್ಕಾಂಟರ ಸಂಗ್ರಹದಲ್ಲಿದ್ದ ಡೋಡೊ ಹಕ್ಕಿಯ ಉಳಿದ ತಲೆ ಮತ್ತು ಕಾಲು ಪಾರ್ಕ್ಸ್ ರಸ್ತೆಯ ನಿಸರ್ಗ ಚರಿತ್ರೆಯ ಮ್ಯೂಸಿಯಂಗೆ ಸೇರಿವೆ. ಅದಕ್ಕೆ ಬೆಳಗಿನ ಹೊತ್ತನ್ನೇ ಮೀಸಲಿಟ್ಟು, ಮಧ್ಯಾಹ್ನ ಬ್ರಾಡ್ ಸ್ಟ್ರೀಟಿಗೆ ಬರುವುದು ಹೆಚ್ಚು ಅನುಕೂಲ. ಇಂಗ್ಲೆಂಡಿಗೆ ಹೋಗುವ ಸಂದರ್ಭವಿಲ್ಲದವರು ಅಂತರ್ಜಾಲ ಸಂಗ್ರಹದ ಚಿತ್ರಗಳಲ್ಲಿ ಮೊಳೆ ಮತ್ತು ಕ್ಷಿತಿಜದ ಪರೀಕ್ಷೆಯನ್ನು ಮಾಡಿನೋಡಬಹುದು. ಜೈಪುರಕ್ಕೆ ಹೋದಾಗ ಅಲ್ಲಿನ ಜಂತರ್ ಮಂತರ್‌ನಲ್ಲಿರುವ ದೊಡ್ಡ ಲೋಹದ ಯಂತ್ರರಾಜದ, ಅಂದರೆ ಆಸ್ಟ್ರೋಲೇಬ್‌ನ, ಮುಂದೆ ನಿಂತು, 27 ಡಿಗ್ರಿಯ ಊರಿಗೆ ಕ್ಷಿತಿಜದ ಕಮಾನು ಎಲ್ಲಿ ಹಾಯಬೇಕೆಂದು ಮೊದಲು ಊಹಿಸಿ, ನಂತರ ಹುಡುಕಬಹುದು.